ಚೀಟಿ ಮಿಸ್ಸಿನ ಗೋಡೆ

ಮಕ್ಕಳು ಇಡುವ ಅಡ್ಡಹೆಸರಿನಲ್ಲಿ ಸುಳ್ಳು ಇರುವುದಿಲ್ಲ. ಏಳನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದ ಆ ಹೆಂಗಸನ್ನು ಶಾಲೆಯಲ್ಲಿ ಎಲ್ಲರೂ ಚೀಟಿ ಮಿಸ್ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ವರ್ಷ ಶುರುಮಾಡಿದ ಪದ್ಧತಿಯೊಂದನ್ನು ಆಕೆ ತಲೆ ನರೆತರೂ ಬಿಟ್ಟಿರಲಿಲ್ಲ. ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ, ಅದರ ಮುಚ್ಚಳಕ್ಕೊಂದು ಸೀಳು. ಯಾರು ಏನು ಬೇಕಾದರೂ ಬರೆದು ಹಾಕಬಹುದು, ಹೆಸರು ಬೇಡ. ವಾರದ ಕೊನೆಯ ಪೀರಿಯಡ್ಡಿನಲ್ಲಿ ಡಬ್ಬಿ ಬಿಚ್ಚಿ, ಒಂದೊಂದೇ ಚೀಟಿ ಓದಿ ಉತ್ತರ ಹೇಳುವುದು. ಮುಗಿದ ಮೇಲೆ ಮಕ್ಕಳೆದುರಿಗೇ ಎಲ್ಲವನ್ನೂ ಹರಿದು ಚೂರು ಮಾಡಿ ಬುಟ್ಟಿಗೆ ಹಾಕುವುದು.

ಮಿಂಚು ಮೊದಲು ಕಾಣುವುದು ಯಾಕೆ, ಗುಡುಗು ಆಮೇಲೆ ಕೇಳುವುದು ಯಾಕೆ ಎಂಬಂಥವೇ ಹೆಚ್ಚು. ನಡುವೆ ಒಮ್ಮೊಮ್ಮೆ ಬೇರೆ ಥರದ್ದು ಬೀಳುತ್ತಿತ್ತು. ಅಪ್ಪ ಅಮ್ಮ ಮಾತು ಬಿಟ್ಟಿದ್ದಾರೆ, ಅದಕ್ಕೆ ಔಷಧಿ ಇದೆಯಾ ಎಂದು ಒಬ್ಬ ಕೇಳಿದ್ದ. ಬೆವರು ಬೇರೆಯವರಿಗಿಂತ ನನಗೇ ಯಾಕೆ ಜಾಸ್ತಿ ನಾರುತ್ತದೆ ಎಂದು ಒಬ್ಬಳು ಕೇಳಿದ್ದಳು. ಬರೆದದ್ದು ಯಾರೆಂದು ಚೀಟಿ ಮಿಸ್ಸಿಗೆ ಗೊತ್ತಾಗುತ್ತಿರಲಿಲ್ಲವೇ? ಗೊತ್ತಾಗದೆ ಏನು. ದಿನಾ ಕಾಪಿ ತಿದ್ದುವವಳಿಗೆ ಯಾವ ಮಗುವಿನ ಅಕ್ಷರ ಯಾವ ಕಡೆ ವಾಲುತ್ತದೆ ಎಂದು ಕಣ್ಣು ಮುಚ್ಚಿದರೂ ಗೊತ್ತು. ಆದರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದನ್ನು ಆಕೆ ಒಂದು ವಿದ್ಯೆಯಂತೆ ಕಲಿತುಕೊಂಡಿದ್ದಳು. ಉತ್ತರ ಹೇಳುವಾಗ ಬರೆದವರ ಕಡೆ ತಿರುಗದೆ ಕಿಟಕಿಯಾಚೆಯ ನೀರಿನ ಟ್ಯಾಂಕನ್ನು ನೋಡುತ್ತಾ ಹೇಳುತ್ತಿದ್ದಳು. ಆ ಟ್ಯಾಂಕಿಗೆ ಇಷ್ಟು ವರ್ಷದಲ್ಲಿ ವಿಜ್ಞಾನವೆಲ್ಲ ಬಾಯಿಪಾಠವಾಗಿರಬೇಕು ಎಂದು ಗಣಿತದ ಮೇಷ್ಟರು ಹಾಸ್ಯ ಮಾಡುತ್ತಿದ್ದರು.

ಆ ಶಾಲೆಗೆ ಆ ವರ್ಷ ಟ್ಯಾಬ್‌ಗಳು ಬಂದವು. ಮಗುವಿಗೊಂದು. ಅದರ ಹಿಂದೆಯೇ, ಪಾಠಕ್ಕೆ ಬಳಸುವ ಆನ್‌ಲೈನ್ ಸಾಧನಗಳನ್ನು ಕಲಿಸಲು ಮೇಷ್ಟರಿಗೆಲ್ಲ ತರಬೇತಿ ಬಂತು. ಕಂಪ್ಯೂಟರ್ ಸರ್ ಇನ್ನೂ ಮೀಸೆ ಗಟ್ಟಿಯಾಗದ ಹುಡುಗ. ಕೆಟ್ಟವನಲ್ಲ. ಸ್ಟಾಫ್ ರೂಮಿನ ಗೋಡೆಗೆ ಬೆಳಕು ಬಿಟ್ಟು ಒಂದೊಂದನ್ನೇ ತೋರಿಸಿದ.

“ಇದು ಚಕ್ರ. ಮಕ್ಕಳ ಹೆಸರು ಹಾಕಿ ತಿರುಗಿಸಿದ್ರೆ ಯಾರನ್ನ ಪ್ರಶ್ನೆ ಕೇಳಬೇಕು ಅಂತ ಅದೇ ಹೇಳುತ್ತೆ.”

“ಒಳ್ಳೇದಾಯ್ತು ಬಿಡಪ್ಪ,” ಎಂದರು ಗಣಿತದ ಮೇಷ್ಟರು. “ಇನ್ನು ಮೇಲೆ ಮಕ್ಕಳ ಶಾಪ ಚಕ್ರಕ್ಕೆ ತಟ್ಟಲಿ. ನಾನು ಹಾಕಿಸ್ಕೊಂಡಿದ್ದೇ ಸಾಕಷ್ಟಿದೆ.”

“ಇದು ರಸಪ್ರಶ್ನೆ. ಎಷ್ಟು ಜನ ತಪ್ಪು ಉತ್ತರ ಒತ್ತಿದ್ರು ಅಂತ ತಕ್ಷಣ ಗೊತ್ತಾಗುತ್ತೆ. ಇದು ಮುಖದ ಗುಂಡಿ. ಬೆಳಗ್ಗೆ ಬಂದ ಕೂಡಲೇ ನಗೋ ಮುಖ, ಸಪ್ಪೆ ಮುಖ, ಅಳೋ ಮುಖ, ಯಾವುದಾದ್ರೂ ಒಂದನ್ನ ಒತ್ತಬೇಕು. ಇದು ಗೋಡೆ. ಮಕ್ಕಳು ತಮ್ಮ ಟ್ಯಾಬಲ್ಲಿ ಏನು ಬರೆದ್ರೂ ಇಲ್ಲಿ ಪರದೆ ಮೇಲೆ ಬಂದು ಅಂಟ್ಕೊಳ್ಳುತ್ತೆ.”

ಚೀಟಿ ಮಿಸ್ಸಿನ ಬೆನ್ನು ನೆಟ್ಟಗಾಯಿತು. “ಯಾರು ಬರೆದದ್ದು ಅಂತ ಕಾಣುತ್ತಾ?”

“ಇಲ್ಲ ಮೇಡಂ. ಇಲ್ಲೊಂದು ಗುಂಡಿ ಇದೆ ನೋಡಿ, ಇದನ್ನ ಒತ್ತಿಬಿಟ್ರೆ ಹೆಸರೇ ಬರಲ್ಲ. ‘ಅನಾಮಿಕ’ ಅಂತ ಮಾತ್ರ ಬರುತ್ತೆ.”

ಕೇಳಬೇಕಾದ ಪ್ರಶ್ನೆ ಎರಡಿದ್ದವು, ಆಕೆ ಒಂದನ್ನು ಕೇಳಿ ಸುಮ್ಮನಾದಳು. ಕಾಣುವುದಿಲ್ಲ ಸರಿ, ಯಾರಿಗೆ ಕಾಣುವುದಿಲ್ಲ ಎಂದು ಕೇಳಲಿಲ್ಲ. ಡಬ್ಬಿಯ ಬಾಳು ಬಾಳಿದವಳಿಗೆ ಅದು ಹೊಳೆಯುವ ಮಾತಲ್ಲ. ಡಬ್ಬಿಗೆ ಬಾಯಿ ಒಂದೇ, ಅದಕ್ಕೆ ಹಿಂಬಾಗಿಲು ಇರುವುದಿಲ್ಲ.

ಸಾಧನಗಳು ನಿಜವಾಗಿಯೂ ಕೆಲಸಕ್ಕೆ ಬಂದವು. ಇದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಮೊದಲು ಪರೀಕ್ಷೆಯ ಕಾಗದ ತಿದ್ದುವವರೆಗೆ ಯಾವ ಪಾಠ ಯಾರ ತಲೆಗೂ ಹೋಗಿಲ್ಲವೆಂದು ತಿಳಿಯುತ್ತಿರಲಿಲ್ಲ, ಈಗ ರಸಪ್ರಶ್ನೆ ಅಲ್ಲಿಗಲ್ಲಿಗೇ ಹೇಳಿಬಿಡುತ್ತಿತ್ತು. ದ್ರವದ ಒತ್ತಡದ ಪಾಠವನ್ನು ಆಕೆ ಮೂರನೇ ಸಲ ಹೇಳಿದ್ದು ಅದರಿಂದಾಗಿಯೇ, ಮೂರನೇ ಸಲಕ್ಕೆ ಹತ್ತಿದ್ದೂ ನಿಜ. ಗೋಡೆಯಂತೂ ಪವಾಡ ಮಾಡಿತು. ಡಬ್ಬಿಗೆ ಚೀಟಿ ಹಾಕಲು ಎಲ್ಲರೆದುರು ಎದ್ದು ಬರಬೇಕಿತ್ತು. ಗೋಡೆಗೆ ಬರೆಯಲು ತಲೆಯೆತ್ತಬೇಕಾಗಿಯೂ ಇರಲಿಲ್ಲ. ಜನ್ಮದಲ್ಲಿ ಬಾಯಿ ಬಿಡದ ಹುಡುಗರು ಬರೆಯತೊಡಗಿದರು. ಮೇಲಾಗಿ ಅಲ್ಲಿ ಕೈಬರಹವಿಲ್ಲ, ಎಲ್ಲರದೂ ಒಂದೇ ಅಚ್ಚಿನ ಅಕ್ಷರ. ಈಗ ಗೊತ್ತಿಲ್ಲದಂತೆ ನಟಿಸುವ ಗೋಜೂ ಇಲ್ಲ, ನಿಜವಾಗಿಯೇ ಗೊತ್ತಿಲ್ಲ ಎಂದುಕೊಂಡು ಆಕೆಗೆ ಎದೆ ಹಗುರಾಯಿತು. ಡಬ್ಬಿಯನ್ನು ಒರೆಸಿ ಕಪಾಟಿಗೆ ಸೇರಿಸಿದಳು.

“ಹೆಸರು ಯಾರಿಗೂ ಗೊತ್ತಾಗಲ್ಲ,” ಎಂದು ಮಕ್ಕಳಿಗೆ ಹೇಳಿದಳು. “ನನಗೂ ಗೊತ್ತಾಗಲ್ಲ. ನನ್ನ ಮಾತು ನಂಬಿ.”

ನಂಬಿದರು. ಚೀಟಿ ಮಿಸ್ ಹೇಳಿದ ಮೇಲೆ ನಂಬದೆ ಏನು.

ಘರ್ಷಣೆಯ ಪಾಠ ನಡೆಯುತ್ತಿತ್ತು. ಒರಟು ನೆಲದ ಮೇಲೆ ಉರುಳುವ ಚೆಂಡು ಯಾಕೆ ಬೇಗ ನಿಲ್ಲುತ್ತದೆ, ಎಣ್ಣೆ ಚೆಲ್ಲಿದ ನೆಲದಲ್ಲಿ ನಾವು ಯಾಕೆ ಜಾರಿ ಬೀಳುತ್ತೇವೆ. ಪಾಠ ಮುಗಿಸಿ ಗೋಡೆ ತೆರೆದಳು. ಮೊದಲು ಮಾಮೂಲಿನವು ಬಂದು ಅಂಟಿಕೊಂಡವು. ಆಮೇಲೆ ಇದು ಬಂತು: ‘ಬಸ್ಸಿನೊಳಗೆ ನಾವೆಲ್ಲ ಒಟ್ಟಿಗೆ ನೆಲಕ್ಕೆ ಕಾಲು ಒತ್ತಿದರೆ ಬಸ್ಸು ನಿಲ್ಲುತ್ತದೆಯೇ?’

ಆಕೆಗೆ ಖುಷಿಯೋ ಖುಷಿ. ಇಂಥ ಪ್ರಶ್ನೆಗಾಗಿ ಮೇಷ್ಟರುಗಳು ವರ್ಷಗಟ್ಟಲೆ ಕಾಯುತ್ತಾರೆ. “ಎಷ್ಟು ಒಳ್ಳೆ ಪ್ರಶ್ನೆ ನೋಡ್ರೋ. ಒಂದು ದೊಡ್ಡ ಪೆಟ್ಟಿಗೆ ಒಳಗೆ ಕೂತ್ಕೊಂಡು ಅದೇ ಪೆಟ್ಟಿಗೇನ ಒಳಗಿಂದ ನೂಕಿದ್ರೆ ಅದು ಹೋಗುತ್ತಾ? ಹೋಗಲ್ಲ. ಹಾಗೇ ಒಳಗೆ ಕೂತವರು ಎಷ್ಟು ಒತ್ತಿದ್ರೂ ಬಸ್ಸು ನಿಲ್ಲಲ್ಲ. ನಿಲ್ಲಿಸಬೇಕಾದದ್ದು ಚಕ್ರಾನ. ಚಕ್ರ ನಿಲ್ಲಿಸೋದು ಬ್ರೇಕು.”

ಯಾರೂ ನಗಲಿಲ್ಲ, ಯಾರೂ ಕೈ ಎತ್ತಲಿಲ್ಲ. ತಲೆಗಳು ಟ್ಯಾಬಿನ ಮೇಲೆ ಬಗ್ಗಿದವು. ಪರದೆಯ ಮೇಲೆ, ಆ ಪ್ರಶ್ನೆಯ ಕೆಳಗೆ, ಒಂದರ ಹಿಂದೊಂದು ಸಾಲು ಮೂಡತೊಡಗಿತು.

‘ನಿಲ್ಲುತ್ತೆ ಮಿಸ್. ನಾವು ದಿನಾ ನಿಲ್ಲಿಸ್ತೀವಿ.’

‘ಡ್ರೈವರ್ ಮಾಮ ಒತ್ತಿ ಅಂತಾರೆ. ಎಲ್ಲರೂ ಒತ್ತುತ್ತೀವಿ.’

‘ಅದು ಆಟ. ಇಳಿಜಾರಲ್ಲಿ ಮಾತ್ರ.’

‘ಒತ್ತುವಾಗ ಕಿರುಚಬಾರದು. ಕಿರುಚಿದರೆ ಔಟ್.’

‘ಮೊನ್ನೆ ನಿಲ್ಲಲಿಲ್ಲ. ಕಂಬ ದಾಟಿ ಹೋಯ್ತು.’

ಅನಾಮಿಕ, ಅನಾಮಿಕ, ಅನಾಮಿಕ. ಚೀಟಿ ಮಿಸ್ ಪರದೆಯನ್ನೇ ನೋಡುತ್ತಾ ನಿಂತಳು. ಶಾಲೆ ಇರುವುದು ದಿಬ್ಬದ ನೆತ್ತಿಯಲ್ಲಿ. ಗೇಟಿನಿಂದ ಹೊರಟ ರಸ್ತೆ ನೀರಿನ ಟ್ಯಾಂಕಿನ ಕಲ್ಲುಗೋಡೆಗೆ ಒತ್ತಿಕೊಂಡು ಸೀದಾ ಕೆಳಗಿನ ಕೂಡುರಸ್ತೆಗೆ ಇಳಿಯುತ್ತದೆ. ಬಸ್ಸು ನಿಲ್ಲುವ ಕಂಬ ಅಲ್ಲಿದೆ. ಕಂಬ ದಾಟಿದರೆ ಲಾರಿಗಳು ಓಡಾಡುವ ದಾರಿ. ಈಗಷ್ಟೇ ಖುಷಿಯಿಂದ ಹೇಳಿದ ಪೆಟ್ಟಿಗೆಯ ಉತ್ತರ ಆಕೆಗೆ ನೆನಪಾಯಿತು.

ಅವತ್ತೇ ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ ಬಳಿಗೆ ಹೋದಳು. ಅವರನ್ನು ಎಲ್ಲರೂ ದೊಡ್ಡ ಮಿಸ್ ಎನ್ನುತ್ತಿದ್ದರು.

“ಮಕ್ಕಳ ಮಾತು ಕಣ್ರೀ,” ಎಂದರು ದೊಡ್ಡ ಮಿಸ್. “ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅಂತಾವೆ.”

“ಒಬ್ಬರಲ್ಲ, ಎಷ್ಟೋ ಮಕ್ಕಳು ಬರೆದಿದ್ದಾರೆ. ನೀವೇ ಓದಿ ನೋಡಿ.” ಗೋಡೆಯ ಲಿಂಕನ್ನು ತನ್ನ ಕೈಯಾರೆ ಅವರಿಗೆ ಕಳಿಸಿದಳು. ಡಬ್ಬಿಯ ಕಾಲದಲ್ಲೂ ಒಮ್ಮೊಮ್ಮೆ ಹೀಗೆ ಮಾಡಿದ್ದುಂಟು. ಹೆಸರಿಲ್ಲದ ಚೀಟಿಯ ಮಾತನ್ನು ತನ್ನ ಅಕ್ಷರದಲ್ಲಿ ಬರೆದು ಅವರ ಮೇಜಿನ ಮೇಲಿಡುತ್ತಿದ್ದಳು, ಕುಡಿಯುವ ನೀರಿನ ನಲ್ಲಿ ರಿಪೇರಿಯಾಗುತ್ತಿತ್ತು, ಚೀಟಿ ಬುಟ್ಟಿಗೆ ಹೋಗುತ್ತಿತ್ತು. ಇದೂ ಹಾಗೇ ಎಂದುಕೊಂಡಳು. ಇದೇ ಆಕೆ ಮಾಡಿದ ತಪ್ಪು. ಇಂಥ ತಪ್ಪನ್ನು ಚೀಟಿ ಮಿಸ್ ಮಾತ್ರ ಮಾಡಬಲ್ಲಳು.

ಮರುದಿನ ಆಫೀಸಿಗೆ ಕರೆ ಬಂತು. ಅಲ್ಲಿ ಆಡಳಿತದವರು ಕೂತಿದ್ದರು. ಬಿಸಿಲು ಹೇಗೇ ಇರಲಿ ಕೊರಳಿಂದ ಟೈ ಇಳಿಸದ ಮನುಷ್ಯ, ಆದ್ದರಿಂದ ಟೈ ಸಾಹೇಬರು. ಎದುರಿಗೆ ಲ್ಯಾಪ್‌ಟಾಪ್ ಹಿಡಿದು ಕಂಪ್ಯೂಟರ್ ಸರ್. ದೊಡ್ಡ ಮಿಸ್ ತಮ್ಮ ಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದರು.

“ಇದನ್ನ ಬರೆದದ್ದು ಯಾರು?” ಎಂದರು ಟೈ ಸಾಹೇಬರು.

“ಗೊತ್ತಿಲ್ಲ ಸರ್. ಅದರಲ್ಲಿ ಹೆಸರಿರಲ್ಲ. ಬ್ರೇಕು ನೋಡಿಸಿದ್ರಾ?”

“ಬ್ರೇಕಿನ ವಿಷಯ ಆಮೇಲೆ. ಯಾರು ಹಬ್ಬಿಸ್ತಿರೋದು ಅನ್ನೋದು ಮೊದಲು.” ಆಮೇಲೆ ಹುಡುಗನ ಕಡೆ ತಿರುಗಿ, “ತೆಗೀರಿ,” ಎಂದರು.

ಕಂಪ್ಯೂಟರ್ ಸರ್ ಚೀಟಿ ಮಿಸ್ಸಿನ ಮುಖ ನೋಡಲಿಲ್ಲ. ಎರಡು ಕಡೆ ಒತ್ತಿದ. ಅನಾಮಿಕ ಎಂಬ ಪದ ಒಂದೊಂದಾಗಿ ಮಾಯವಾಗಿ ಅದರ ಜಾಗದಲ್ಲಿ ಹೆಸರು, ತರಗತಿ, ಅಪ್ಪನ ಫೋನ್ ನಂಬರು, ಮಗುವಿನ ಸಣ್ಣ ಫೋಟೋ ಬಂದು ಕೂತವು. ಆ ಗೋಡೆ ಹುಟ್ಟಿದ ದಿನದಿಂದ ಬರೆದದ್ದೆಲ್ಲ ಹಾಗೆಯೇ ಇತ್ತು. ಯಾವುದನ್ನೂ ಯಾರೂ ಹರಿದು ಹಾಕಿರಲಿಲ್ಲ.

“ಕಾಣಲ್ಲ ಅಂದಿದ್ರಲ್ಲಪ್ಪ,” ಎಂದಳು ಚೀಟಿ ಮಿಸ್.

“ನಿಮಗೆ ಕಾಣಲ್ಲ ಮೇಡಂ,” ಎಂದ ಹುಡುಗ. ಅವನ ಕಿವಿ ಕೆಂಪಾಗಿತ್ತು. “ಆಫೀಸಿನ ಲಾಗಿನ್ನಲ್ಲಿ ಕಾಣುತ್ತೆ. ಮಕ್ಕಳ ಸುರಕ್ಷತೆಗೆ ಅಂತ ಕಂಪನಿಯವರೇ ಇಟ್ಟಿರೋದು.”

ಮಕ್ಕಳ ಸುರಕ್ಷತೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಈಗ ಈ ಭಾಷೆಯಲ್ಲಿ ಹೇಳುತ್ತಾರೆ.

ಮೊದಲ ಪ್ರಶ್ನೆಯ ಪಕ್ಕದಲ್ಲಿದ್ದ ಫೋಟೋ ಪಿಸುವಿನದು. ಕಿಟಕಿ ಪಕ್ಕದ ಕೊನೆಯ ಬೆಂಚಿನ ಹುಡುಗಿ, ಬಡಗಿಯ ಮಗಳು. ಹಾಜರಿ ಕರೆದಾಗಲೂ ಪಿಸುಗುಟ್ಟುತ್ತಾಳೆಂದು ಹುಡುಗರು ಆ ಹೆಸರಿಟ್ಟಿದ್ದರು. ಡಬ್ಬಿಗೆ ಒಮ್ಮೆಯೂ ಚೀಟಿ ಹಾಕದಿದ್ದವಳು ಗೋಡೆಯನ್ನು ನಂಬಿ ಮೊದಲ ಸಲ ಬಾಯಿ ಬಿಟ್ಟಿದ್ದಳು.

“ಸರ್, ನಾನು ಅವರಿಗೆ ಮಾತು ಕೊಟ್ಟಿದ್ದೀನಿ.”

“ನೀವು ಪಾಠ ಹೇಳಿ ಮೇಡಂ,” ಎಂದರು ಟೈ ಸಾಹೇಬರು, ಬಹಳ ಮೆದುವಾಗಿ. “ಮಾತು ಕೊಡೋಕೆ ನಾವಿದ್ದೀವಿ.”

ಅಪ್ಪಂದಿರಿಗೆ ಫೋನು ಹೋಯಿತು. ಬಡಗಿ ಕೂದಲಲ್ಲಿ ಮರದ ಹೊಟ್ಟು ಹಾಗೇ ಇಟ್ಟುಕೊಂಡು ಓಡಿ ಬಂದ. ಮಗಳು ಶಾಲೆಯ ಮರ್ಯಾದೆ ತೆಗೆಯುತ್ತಿದ್ದಾಳೆ, ಇನ್ನೊಮ್ಮೆ ಹೀಗಾದರೆ ಬಸ್ಸಿನ ಸೀಟು ಇಲ್ಲ, ಆಮೇಲೆ ತರಗತಿಯ ಸೀಟಿನ ಬಗ್ಗೆಯೂ ಯೋಚನೆ ಮಾಡಬೇಕಾಗುತ್ತದೆ ಎಂದು ಅವನಿಗೆ ತಿಳಿಸಲಾಯಿತು. ಅವನು ಕೈಮುಗಿದ. ಬ್ರೇಕು ಹೇಗಿದೆ ಎಂದು ಅವನೂ ಕೇಳಲಿಲ್ಲ. ಕೇಳುವುದಕ್ಕೆ ಬಂದವನಲ್ಲ ಅವನು, ಕೇಳಿಸಿಕೊಳ್ಳುವುದಕ್ಕೆ ಬಂದವನು. ಹೊರಗೆ ಬಂದು ಮಗಳಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಅತ್ತು ಮುಗಿಯುತ್ತಿತ್ತು. ಅವಳೊಡನೆ ಮಾತು ಬಿಟ್ಟ.

ಮರುದಿನ ಬೆಳಗ್ಗೆ ಏಳನೇ ತರಗತಿಯ ಬಸ್ಸಿನ ಮಕ್ಕಳೆಲ್ಲ ನಗುವ ಮುಖ ಒತ್ತಿದರು. ಅದರ ಮರುದಿನವೂ ನಗುವ ಮುಖ. ಚೀಟಿ ಮಿಸ್ ತಲೆಯೆತ್ತಿ ನೋಡಿದರೆ ಬೆಂಚಿನ ಮೇಲೆ ಒಂದಾದರೂ ನಗುವ ಮುಖವಿಲ್ಲ. ಪರದೆಯ ಮೇಲೆ ಮಾತ್ರ ಸಾಲುಸಾಲಾಗಿ ಹಳದಿ ನಗು. ಗೋಡೆಯನ್ನು ಆಫೀಸಿನವರು ತೊಳೆದಿಟ್ಟಿದ್ದರು. ಬಸ್ಸು, ಬ್ರೇಕು, ಡ್ರೈವರ್ ಎಂಬ ಪದಗಳನ್ನು ಬರೆದರೆ ಆ ಜಾಗದಲ್ಲಿ ಚುಕ್ಕಿಗಳು ಬರುವಂತೆ ಮಾಡಿದ್ದರು. ಪಕ್ಕದ ತರಗತಿಯ ಭಾಷೆಯ ಟೀಚರು ‘ನಾನು ಮಾಡಿದ ಪ್ರಯಾಣ’ ಎಂದು ಟ್ಯಾಬಿನಲ್ಲಿ ಪ್ರಬಂಧ ಬರೆಸಿದರಂತೆ. ಮಕ್ಕಳೆಲ್ಲ ಚುಕ್ಕಿ ಹತ್ತಿ ಅಜ್ಜಿಯ ಊರಿಗೆ ಹೋಗಿ ಚುಕ್ಕಿ ಇಳಿದಿದ್ದರಂತೆ. ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಣಿತದ ಮೇಷ್ಟರು ನಗುತ್ತಾ ನಗುತ್ತಾ ನಡುವೆ ನಿಲ್ಲಿಸಿ, ಚಹಾದ ಲೋಟ ಕೆಳಗಿಟ್ಟು ಎದ್ದು ಹೋದರು.

ಗೋಡೆಯ ಮೇಲೆ ಈಗ ಪ್ರಶ್ನೆಗಳಿರಲಿಲ್ಲ. ‘ಪಾಠ ಚೆನ್ನಾಗಿತ್ತು ಮಿಸ್.’ ‘ಪಾಠ ಚೆನ್ನಾಗಿತ್ತು ಮಿಸ್.’ ಆ ತಿಂಗಳು ಅತಿ ಹೆಚ್ಚು ನಗುವ ಮುಖಗಳ ತರಗತಿ ಎಂದು ಆಕೆಗೆ ಒಂದು ಪ್ರಶಸ್ತಿಪತ್ರವೂ ಬಂತು. ಸತ್ತವರ ಊರಲ್ಲಿ ಜಗಳವಿಲ್ಲ ಎಂದು ಬಹುಮಾನ ಕೊಟ್ಟ ಹಾಗೆ.

ಮನೆಯಲ್ಲಿ ಆಕೆಯ ಅತ್ತೆ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬಾಯಿಗೆ ಬೀಗವಿಲ್ಲದ ಮುದುಕಿ.

“ಚೆನ್ನಾಗಿದೆ ಕಣೆ, ಬಂಗಾರದ ಬಣ್ಣದ ಅಂಚು. ಮತ್ತೆ ಮುಖ ಯಾಕೆ ಹಾಗಿದೆ, ಅನ್ನ ಸೀದುಹೋದ ಪಾತ್ರೆ ಥರ?”

ಸೊಸೆ ಎಲ್ಲ ಹೇಳಿದಳು. ಗೋಡೆ, ಪ್ರಶ್ನೆ, ಫೋಟೋ, ಬಡಗಿ.

“ನೀನು ಅವರ ಹೆಸರು ಹೇಳಿದೆಯಾ?”

“ಇಲ್ಲ ಅತ್ತೆ. ನನಗೆ ಗೊತ್ತೇ ಇರಲಿಲ್ಲ.”

“ಗೊತ್ತಿದ್ದು ಹೇಳದೆ ಇರೋದು ದೊಡ್ಡತನ. ಗೊತ್ತಿಲ್ಲದೆ ಹೇಳದೆ ಇರೋದಕ್ಕೆ ಏನು ಬಂತು?” ಅತ್ತೆ ಪತ್ರವನ್ನು ಮಡಿಸಿ ಹಾಲಿನ ಪಾತ್ರೆಯ ಮೇಲೆ ಮುಚ್ಚಿದರು. “ಹೋಗಲಿ, ಬಸ್ಸು?”

“ಓಡ್ತಾ ಇದೆ.”

“ಮತ್ತೆ ನೀನು ಇಲ್ಲಿ ಕೂತು ನನ್ನ ಮುಖ ಯಾಕೆ ನೋಡ್ತಿದ್ದೀಯಾ?”

ಮರುದಿನ ಶಾಲೆ ಬಿಡುವುದಕ್ಕೆ ಸ್ವಲ್ಪ ಮುಂಚೆ ಆಕೆ ಬಸ್ಸು ನಿಲ್ಲುವ ಶೆಡ್ಡಿಗೆ ಹೋದಳು. ಡ್ರೈವರ್ ಮಾಮ ಗಾಜು ಒರೆಸುತ್ತಿದ್ದ. ನಡುವಯಸ್ಸಿನ, ಮೃದು ಮಾತಿನ ಮನುಷ್ಯ. ಮಕ್ಕಳಿಗೆ ಅವನೆಂದರೆ ಪ್ರಾಣ.

“ಆ ಆಟ ನೀವೇ ಹೇಳಿಕೊಟ್ಟಿದ್ದಾ?”

ಅವನು ಬಟ್ಟೆ ಹಿಂಡಿದ. “ಏನು ಮಾಡಲಿ ಮಿಸ್. ಒಂದು ದಿನ ಇಳಿಜಾರಲ್ಲಿ ಬ್ರೇಕು ಸರಿಯಾಗಿ ಹಿಡೀಲಿಲ್ಲ. ನನ್ನ ಬಾಯಿಂದ ಅಯ್ಯೋ ಅಂತ ಬಂದುಬಿಡ್ತು. ಮಕ್ಕಳೆಲ್ಲ ಕಿರುಚಿದ್ರು. ಅದಕ್ಕೇ ಮಾರನೇ ದಿನ ಆಟ ಮಾಡಿದೆ. ಕಾಲು ಒತ್ತಿಕೊಂಡು ಕೂತ್ರೆ ಗಟ್ಟಿಯಾಗಿ ಕೂತ ಹಾಗೂ ಆಗುತ್ತೆ. ಮುಗ್ಗರಿಸಲ್ಲ.”

“ಆಫೀಸಿಗೆ ಹೇಳಲಿಲ್ವಾ?”

“ಹೇಳಿದೆ. ರಜೆ ಬರಲಿ, ಬಿಚ್ಚಿಸೋಣ ಅಂದ್ರು. ಈಗ ಆಟ ಆಡಿಸಬೇಡ, ಆಡಿಸಿದ್ರೆ ಬೇರೆ ಡ್ರೈವರ್ ನೋಡ್ಕೋತೀವಿ ಅಂದಿದ್ದಾರೆ. ಎರಡು ಹೆಣ್ಣುಮಕ್ಕಳು ಮಿಸ್ ನನಗೆ.” ಅವನು ದನಿ ತಗ್ಗಿಸಿದ. “ಈಗ ಇಳಿಜಾರು ಬಂದ್ರೆ ಮಕ್ಕಳು ಸುಮ್ಮನೆ ಕೂತಿರ್ತಾರೆ. ಮೊದಲು ಗಲಾಟೆ ಮಾಡೋರು. ಈಗ ಕನ್ನಡೀಲಿ ನೋಡಿದ್ರೆ ಎಲ್ಲರೂ ನನ್ನ ಕತ್ತಿನ ಹಿಂದೇನೇ ನೋಡ್ತಿರ್ತಾರೆ. ಅದನ್ನ ನೋಡೋಕಾಗಲ್ಲ.”

“ಇವತ್ತು ಹೇಗಿದೆ?”

“ಇವತ್ತಿಂದ ಎರಡು ಟ್ರಿಪ್ ಇಲ್ಲ. ಡೀಸೆಲ್ ಉಳೀಲಿ ಅಂತ ಒಂದೇ ಮಾಡಿದ್ದಾರೆ. ಇದ್ದಬದ್ದವರೆಲ್ಲ ಒಟ್ಟಿಗೆ.”

ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಮಕ್ಕಳು ಬಂದು ಹತ್ತಿದರು. ಸೀಟು ತುಂಬಿ, ಸೀಟಿನ ನಡುವೆ ತುಂಬಿ, ಮೆಟ್ಟಿಲ ತನಕ ಬಂತು. ಸಣ್ಣವರನ್ನು ದೊಡ್ಡವರ ತೊಡೆಯ ಮೇಲೆ ಕೂರಿಸಿದರು. ಚೀಟಿ ಮಿಸ್ ಕೆಳಗೆ ನಿಂತು ನೋಡುತ್ತಿದ್ದಳು. ಗಂಡ ಹೇಳುವ ಮಾತು ನೆನಪಾಯಿತು: ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಊರೆಲ್ಲ ಬಾಳುವುದು ಈ ಗಾದೆಯ ನೆರಳಲ್ಲೇ. ಹಾವು ಮಾತ್ರ ಪ್ರತಿ ವರ್ಷ ದಪ್ಪವಾಗುತ್ತಿರುತ್ತದೆ.

ಬಸ್ಸಿನ ಬಾಗಿಲಿಗೆ ಹೋಗಿ ಪಾಠ ಹೇಳುವ ದನಿಯಲ್ಲೇ ಹೇಳಿದಳು: “ಎಲ್ಲರೂ ಇಳೀರಿ. ಇವತ್ತು ನಡೆದು ಹೋಗೋಣ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಇಳಿದರು. ಒಂದು ಪ್ರಶ್ನೆಯನ್ನೂ ಕೇಳದೆ, ಸಾಲು ತಪ್ಪದೆ ಇಳಿದರು. ಎಷ್ಟು ದಿನದಿಂದ ಯಾರಾದರೂ ಇಷ್ಟು ಹೇಳಲಿ ಎಂದು ಕಾಯುತ್ತಿದ್ದರೋ.

ಆಫೀಸಿನ ಮೆಟ್ಟಿಲ ಮೇಲೆ ಟೈ ಸಾಹೇಬರು ಕಾಣಿಸಿಕೊಂಡರು. “ಮೇಡಂ, ಏನಿದು? ಯಾರ ಅಪ್ಪಣೆ ಮೇಲೆ?”

“ವಿಜ್ಞಾನದ ಪಾಠ ಸರ್. ಇಳಿಜಾರು ತೋರಿಸ್ತಿದ್ದೀನಿ.”

“ಇದರ ಪರಿಣಾಮ ಏನಾಗುತ್ತೆ ಗೊತ್ತಾ?”

“ಬಸ್ಸಲ್ಲಿ ಕಳಿಸಿದ್ರೆ ಏನಾಗುತ್ತೆ ಅಂತ ಮಾತ್ರ ಗೊತ್ತು,” ಎಂದಳು. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಡ್ರೈವರನ ಕಡೆ ತಿರುಗಿ, “ನೀನು ಖಾಲಿ ಗಾಡೀನೇ ತಗೊಂಡು ಹೋಗು. ಕೆಳಗೆ ಹತ್ತಿಸ್ಕೊಂಡು ದೂರದವರನ್ನ ಮನೆಮನೆಗೆ ಬಿಡು. ಅಪ್ಪ ಅಮ್ಮಂದಿರು ನೋಡಲಿ, ಯಾರ ತಲೆ ಕೆಟ್ಟಿದೆ ಅಂತ,” ಎಂದರು.

ಮಕ್ಕಳನ್ನು ಟ್ಯಾಂಕಿನ ಕಲ್ಲುಗೋಡೆಯ ಪಕ್ಕಕ್ಕೆ ಒತ್ತಿಸಿಕೊಂಡು ಆಕೆ ಇಳಿಯತೊಡಗಿದಳು. ದೊಡ್ಡವರ ಕೈಯಲ್ಲಿ ಸಣ್ಣವರ ಕೈ. ಪಿಸು ಸಾಲಿನ ನಡುವೆ ಇದ್ದಳು. ಅವಳ ಪಕ್ಕದಲ್ಲಿ ನಡೆಯಬೇಕೆಂದು ಚೀಟಿ ಮಿಸ್ ಎರಡು ಸಲ ಹಿಂದೆ ಬಿದ್ದಳು. ಎರಡು ಸಲವೂ ಹುಡುಗಿ ಹೆಜ್ಜೆ ಜೋರು ಮಾಡಿ ಮುಂದೆ ಹೋದಳು.

ಕೆಳಗೆ ಕೂಡುರಸ್ತೆಯಲ್ಲಿ, ದಿನವೂ ಅಲ್ಲೇ ಕಾದಿದ್ದು ಮಕ್ಕಳನ್ನು ಇಳಿಸಿಕೊಳ್ಳುವ ಅಪ್ಪ ಅಮ್ಮಂದಿರು ನಿಂತಿದ್ದರು. ಅವರ ನಡುವೆ ಬಡಗಿಯೂ ಇದ್ದ.

“ಇದೇನು ಮಿಸ್, ಮೆರವಣಿಗೆ?” ಎಂದ ಒಬ್ಬ. “ಅಂಗಡಿ ಬಾಗಿಲು ತೆಗೆದಿಟ್ಟು ಬಂದಿದ್ದೀನಿ ನಾನು.”

“ಬಸ್ಸಿಗೆ ದುಡ್ಡು ಕೊಟ್ಟು ನಡೆಸೋದಾದ್ರೆ ನಾವೇ ನಡೆಸ್ಕೊಂಡು ಹೋಗ್ತಿದ್ವಿ,” ಎಂದಳು ಒಬ್ಬಾಕೆ. “ನನ್ನ ಮಗನ ಕಾಲು ನೋಡಿ, ಹೊಸ ಬೂಟು ಕಚ್ಚಿಬಿಟ್ಟಿದೆ.”

ಮೇಲಿನಿಂದ ಹಾರನ್ ಕೇಳಿತು. ಬಿಟ್ಟುಬಿಟ್ಟು ಒತ್ತಿದ್ದಲ್ಲ, ಬಿಡದೆ ಒತ್ತಿದ್ದು. ಮಕ್ಕಳು ಯಾರೂ ಹೇಳದೆಯೇ ಗೋಡೆಗೆ ಬೆನ್ನು ಕೊಟ್ಟು ನಿಂತರು. ಹಳದಿ ಬಸ್ಸು ಇಳಿಜಾರಿನ ಮೇಲೆ ಕಾಣಿಸಿಕೊಂಡಿತು, ಕಿಟಕಿಗಳೆಲ್ಲ ಖಾಲಿ, ಒಳಗೆ ಒಬ್ಬನೇ ಮನುಷ್ಯ. ಚಕ್ರದಿಂದ ಕಬ್ಬಿಣ ತೇಯುವ ಸದ್ದು. ಅದು ಹತ್ತಿರವಾಯಿತು, ಮಕ್ಕಳನ್ನು ದಾಟಿತು, ಕಂಬವನ್ನು ಮುಂದಿನ ಚಕ್ರದಷ್ಟು ದಾಟಿ ನಿಂತಿತು. ಸುಟ್ಟ ವಾಸನೆ ಹಬ್ಬಿತು. ಅದರ ಮೂತಿಯಿಂದ ಮಾರು ದೂರದಲ್ಲಿ ಲಾರಿಯೊಂದು ಹಾದು ಹೋಯಿತು.

ಅಂಗಡಿಯವನು ಸುಮ್ಮನೆ ನಕ್ಕ. ಆದರೆ ನಗು ಸರಿಯಾಗಿ ಬರಲಿಲ್ಲ. “ನಿಂತೇ ನಿಂತಿತಲ್ಲ ಮಿಸ್. ಇಷ್ಟಕ್ಕೆ ಇಷ್ಟೊಂದಾ?”

ಡ್ರೈವರ್ ಮಾಮ ಕೆಳಗಿಳಿದ. ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟ. ಬೆವರು ಒರೆಸಿಕೊಂಡು, ಯಾರನ್ನೂ ನೋಡದೆ ಹೇಳಿದ:

“ಖಾಲಿ ಇದ್ರೆ ನಿಲ್ಲುತ್ತೆ.”

ಆ ಮಾತು ಬಡಗಿಗೆ ಮೊದಲು ಅರ್ಥವಾಯಿತು.

“ಏನಂದೆ?”

“ಖಾಲಿ ಇದ್ರೆ ನಿಲ್ಲುತ್ತೆ ಅಣ್ಣ.”

“ತುಂಬಿದ್ರೆ?”

ಡ್ರೈವರ್ ದಿಬ್ಬದ ಮೇಲೆ ಶಾಲೆಯ ಕಡೆ ಒಮ್ಮೆ ನೋಡಿದ. ಆಮೇಲೆ ಮಕ್ಕಳ ಕಡೆ ನೋಡಿದ. “ಅದಕ್ಕೇ ಅಲ್ವಾ ಇವರ ಹತ್ರ ಕಾಲು ಒತ್ತಿಸ್ತಾ ಇದ್ದಿದ್ದು. ಇವತ್ತು ಇವರೆಲ್ಲ ಒಳಗಿದ್ದಿದ್ರೆ ಈಗ ನಾನು ನಿಮ್ಮ ಹತ್ರ ಮಾತಾಡ್ತಿರಲಿಲ್ಲ.”

ಬೂಟಿನ ಮಾತಾಡಿದ ಹೆಂಗಸು ಮಗನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಬಡಗಿ ಮುಂದೆ ಬಂದು ಕೈ ಚಾಚಿದ. “ಕೀಲಿ ಕೊಡು.”

“ನನ್ನ ಕೆಲಸ ಹೋಗುತ್ತೆ ಅಣ್ಣ.”

“ಹೋಗುತ್ತೆ. ಕೊಡು.”

ಕೊಟ್ಟ. ಬಡಗಿ ಅದನ್ನು ಜೇಬಿಗೆ ಹಾಕಿಕೊಂಡ. ಯಾರೋ ಫೋನು ತೆಗೆದು ಶಾಲೆಗೆ ಮಾಡಿದರು, ಯಾರೋ ಪೋಲೀಸಿಗೆ ಮಾಡೋಣ ಎಂದರು, ಯಾರೋ ಮೊದಲು ಆ ಟೈ ಹಿಡಿದು ಕೆಳಗೆಳೆಯೋಣ ಎಂದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಿನ್ನೆಯವರೆಗೆ ಎಲ್ಲಿತ್ತೋ ಈ ಬಾಯಿ.

ಚೀಟಿ ಮಿಸ್ಸಿನ ಫೋನು ಕೈಯಲ್ಲೇ ನಡುಗಿತು. ನೋಡಿದಳು. ತರಗತಿಯ ಗೋಡೆಗೆ, ರಸಪ್ರಶ್ನೆಗೆ, ಚಕ್ರಕ್ಕೆ ಆಕೆಯ ಪ್ರವೇಶವನ್ನು ತೆಗೆದುಹಾಕಲಾಗಿದೆ ಎಂದಿತ್ತು. ನಾಳೆಯಿಂದ ಏಳನೇ ತರಗತಿಯ ವಿಜ್ಞಾನಕ್ಕೆ ಬೇರೆಯವರು. ಆಫೀಸಿನಲ್ಲಿ ಎರಡು ಕಡೆ ಒತ್ತಿರಬೇಕು, ಅಷ್ಟೇ.

ಬಡಗಿ ಮಗಳ ಹತ್ತಿರ ಹೋಗಿ ಮೊಣಕಾಲೂರಿ ಕೂತಿದ್ದ. ಹುಡುಗಿ ಅಪ್ಪನ ಕೂದಲಿನ ಹೊಟ್ಟನ್ನು ನೋಡುತ್ತಿದ್ದಳು, ಮುಖವನ್ನಲ್ಲ. ಚೀಟಿ ಮಿಸ್ ಅವರ ಬಳಿಗೆ ಬಂದಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಪ್ರಶ್ನೆ ಕೇಳಿದ ಮಗುವಿನ ಕಡೆಗೇ ತಿರುಗಿ ನಿಂತಳು.

“ನಿನ್ನ ಪ್ರಶ್ನೆಗೆ ನಾನು ಅವತ್ತು ಕೊಟ್ಟ ಉತ್ತರ ಅರ್ಧ ಮಾತ್ರ, ಪುಟ್ಟಿ,” ಎಂದಳು. “ಇವತ್ತು ನಿನ್ನ ಪ್ರಶ್ನೇನೇ ಬಸ್ಸನ್ನ ನಿಲ್ಲಿಸಿತು ನೋಡು.”

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಮೊದಲು ಅಪ್ಪನ ಕೈಯಲ್ಲಿದ್ದ ಫೋನನ್ನು, ಆಮೇಲೆ ಮಿಸ್ಸಿನ ಕೈಯಲ್ಲಿದ್ದ ಫೋನನ್ನು ನೋಡಿದಳು. ಪಿಸುಗುಟ್ಟಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ಸ್ಪಷ್ಟವಾಗಿ, ಗಿಳಿಪಾಠ ಒಪ್ಪಿಸುವವಳಂತೆ ಹೇಳಿದಳು:

“ನಾನು ಯಾವ ಪ್ರಶ್ನೇನೂ ಕೇಳಿಲ್ಲ ಮಿಸ್.”